ಲ್ಯಾಪ್‌ಟಾಪ್ ಹೊತ್ತು ಯಾವ ದೇಶಕ್ಕೆ?



ಕೆಲಸ ಆಗಬೇಕಾದರೆ ಕಚೇರಿಯ ಕುರ್ಚಿಯೇ ಬೇಕೆಂದಿಲ್ಲ ಎಂಬುದನ್ನು ಕೊರೊನಾ ಕಾಲ ನಮಗೆ ತೋರಿಸಿಕೊಟ್ಟಿತು. ಬೆಂಗಳೂರಿನ ಎಷ್ಟೋ ಎಂಜಿನಿಯರುಗಳು, ವಿನ್ಯಾಸಕಾರರು, ಲೆಕ್ಕಪತ್ರದವರು ಸಾಗರ, ಪುತ್ತೂರು, ಧಾರವಾಡದ ತಮ್ಮ ಮನೆಗಳಲ್ಲೇ ಕೂತು ತಿಂಗಳುಗಟ್ಟಲೆ ಕೆಲಸ ಮಾಡಿದರು. ಆಮೇಲೆ ಹುಟ್ಟಿದ ಪ್ರಶ್ನೆ ಸಹಜವಾದದ್ದೇ. ಊರಿನಿಂದ ಮಾಡಬಹುದಾದ ಕೆಲಸವನ್ನು ಒಂದಷ್ಟು ತಿಂಗಳು ಹೊರದೇಶದಿಂದ ಏಕೆ ಮಾಡಬಾರದು? ಕೈಗೆಟುಕುವ ಖರ್ಚಿನಲ್ಲಿ ಹಾಗೆ ಇದ್ದು ಬರಬಹುದಾದ ದೇಶಗಳು ಯಾವುವು? ಇವತ್ತಿನ ಮಾತು ಅದರ ಬಗ್ಗೆ.

ಇಂಥ ಕೆಲಸಗಾರರನ್ನು ಡಿಜಿಟಲ್ ಅಲೆಮಾರಿಗಳು ಅನ್ನುತ್ತಾರೆ. 1997ರಷ್ಟು ಹಿಂದೆಯೇ ತ್ಸುಗಿಯೊ ಮಾಕಿಮೊಟೊ ಮತ್ತು ಡೇವಿಡ್ ಮ್ಯಾನರ್ಸ್ ಎಂಬಿಬ್ಬರು ಇದೇ ಹೆಸರಿನ ಪುಸ್ತಕ ಬರೆದಿದ್ದರು. ಕಾನೂನು ಇವರತ್ತ ಕಣ್ಣು ಹಾಯಿಸಲು ಮಾತ್ರ 2020ರವರೆಗೆ ಕಾಯಬೇಕಾಯಿತು. ಆ ವರ್ಷ ಬಾರ್ಬಡೋಸ್, ಅದರ ಬೆನ್ನಿಗೇ ಎಸ್ಟೋನಿಯಾ, ದೂರದಿಂದ ಕೆಲಸ ಮಾಡುವವರಿಗೆಂದೇ ವೀಸಾ ತಂದವು. ಈಗ ಹತ್ತಾರು ದೇಶಗಳಲ್ಲಿ ಅಂಥ ವೀಸಾ ಇದೆ.

ಅಗ್ಗದ ದೇಶಗಳ ಪಟ್ಟಿ ಬೇಕೆಂದರೆ ನೂರು ಸಿಗುತ್ತವೆ. ಆದರೆ ಅವುಗಳಲ್ಲಿ ಹೆಚ್ಚಿನವು ಅಮೆರಿಕ, ಯುರೋಪಿನ ಪಾಸ್‌ಪೋರ್ಟ್ ಉಳ್ಳವರಿಗಾಗಿ, ಡಾಲರಿನಲ್ಲಿ ಸಂಬಳ ಎಣಿಸುವವರಿಗಾಗಿ ತಯಾರಾದವು. ಜಾರ್ಜಿಯಾ ದೇಶವನ್ನೇ ನೋಡಿ. ಸುಮಾರು 95 ದೇಶಗಳ ಪ್ರಜೆಗಳು ವೀಸಾ ಇಲ್ಲದೆ ಅಲ್ಲಿ ಒಂದು ವರ್ಷ ಇರಬಹುದು. ಆ 95ರಲ್ಲಿ ಭಾರತ ಇಲ್ಲ. ಪೋರ್ಚುಗಲ್ಲಿನ ವೀಸಾಕ್ಕೆ ಅಲ್ಲಿನ ಕನಿಷ್ಠ ವೇತನದ ನಾಲ್ಕು ಪಟ್ಟು ವರಮಾನ ತೋರಿಸಬೇಕು. 2025ರ ಲೆಕ್ಕದಲ್ಲಿ ಅದು ತಿಂಗಳಿಗೆ 3,480 ಯೂರೊ, ನಮ್ಮ ಹಣದಲ್ಲಿ ಸುಮಾರು ಮೂರೂವರೆ ಲಕ್ಷ ರೂಪಾಯಿ. ಬಾಲಿ ದ್ವೀಪದಲ್ಲಿ ಮನೆ, ಊಟ ಅಗ್ಗವಿರಬಹುದು. ಆದರೆ ದೂರದ ಕೆಲಸಕ್ಕೆಂದು ಇಂಡೊನೇಷ್ಯಾ ಕೊಡುವ ಒಂದು ವರ್ಷದ ವೀಸಾಕ್ಕೆ ವಾರ್ಷಿಕ 60,000 ಡಾಲರ್ ವರಮಾನ ಬೇಕು. ಅಂದರೆ 50 ಲಕ್ಷ ರೂಪಾಯಿಗೂ ಮೇಲೆ.

ಬಾಡಿಗೆಯ ಮಾತಿಗೂ ಇದು ಅನ್ವಯಿಸುತ್ತದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಲ್ಲಿ ಸಾಮಾನುಸಹಿತ ಒಂದು ಕೋಣೆಯ ಫ್ಲ್ಯಾಟು ಸುಮಾರು 10,000 ಬಾತ್‌ಗೆ ಸಿಗುತ್ತದೆ. ನ್ಯೂಯಾರ್ಕಿನವನಿಗೆ ಅದು ಬಿಟ್ಟಿ ಸಿಕ್ಕ ಹಾಗೆ. ನಮಗೆ? ಒಂದು ಬಾತ್‌ಗೆ ಎರಡೂವರೆಯಿಂದ ಮೂರು ರೂಪಾಯಿ ಹಿಡಿದರೆ 25ರಿಂದ 30 ಸಾವಿರ. ಬೆಂಗಳೂರಿನ ಎಚ್‌ಎಸ್‌ಆರ್ ಬಡಾವಣೆಯ ಬಾಡಿಗೆಗೆ ಹೆಚ್ಚುಕಡಿಮೆ ಸಮ. ಬೆಂಗಳೂರಿನ ಮನೆಯನ್ನೂ ಇಟ್ಟುಕೊಂಡು ಹೋದಿರೋ, ಬಾಡಿಗೆ ಇಮ್ಮಡಿ.

ಹಾಗಾಗಿ ನಾನು ಹೇಳಬಯಸುವುದು ಇಷ್ಟು. ಭಾರತೀಯ ಕೆಲಸಗಾರನಿಗೆ ಒಂದು ದೇಶ ಅಗ್ಗವೋ ದುಬಾರಿಯೋ ಎಂಬುದನ್ನು ಬಾಡಿಗೆಗಿಂತ ಮೊದಲು ಎರಡು ಸಂಗತಿ ತೀರ್ಮಾನಿಸುತ್ತವೆ: ಅಲ್ಲಿ ಕೂತು ಕೆಲಸ ಮಾಡಲು ನಿಮ್ಮ ಪಾಸ್‌ಪೋರ್ಟಿಗೆ ಸಿಗುವ ಅನುಮತಿ, ಮತ್ತು ಅಲ್ಲಿನ ಗಡಿಯಾರ. ಇವೆರಡೂ ಹೊಂದಿದ ಮೇಲೆಯೇ ಬಾಡಿಗೆಯ ವಿಚಾರ.

ಅನುಮತಿ ಮೊದಲು ಬೇಕಾದದ್ದು ನಿಮ್ಮ ಸಂಸ್ಥೆಯಿಂದಲೇ. ಮನೆಯಿಂದ ಕೆಲಸ ಮಾಡಬಹುದು ಎಂದರೆ ಯಾವ ದೇಶದಿಂದಾದರೂ ಮಾಡಬಹುದು ಎಂದು ಅರ್ಥವಲ್ಲ. ಗ್ರಾಹಕರ ದತ್ತಾಂಶ ಭಾರತದ ಗಡಿ ದಾಟಬಾರದೆಂಬ ಕರಾರು ಇರಬಹುದು. ನೌಕರ ಬೇರೆ ದೇಶದಲ್ಲಿ ಬಹುಕಾಲ ಕೂತರೆ ಅಲ್ಲಿನ ತೆರಿಗೆ ಇಲಾಖೆ ಸಂಸ್ಥೆಯನ್ನೇ ಪ್ರಶ್ನಿಸಬಹುದು. ಹೇಳದೆ ಹೋಗಿ ವಿಪಿಎನ್ ಹಾಕಿಕೊಂಡು ಮರೆಮಾಚಲು ನೋಡಿದವರ ಲಾಗಿನ್ ಒಂದು ದಿನ ಬಂದ್ ಆಗುತ್ತದೆ, ಜೊತೆಗೆ ನೌಕರಿಯೂ ಹೋಗಬಹುದು. ಮಾನವ ಸಂಪನ್ಮೂಲ ವಿಭಾಗದಿಂದ ಲಿಖಿತ ಒಪ್ಪಿಗೆ ಪಡೆಯಿರಿ. ಹೆಚ್ಚಿನ ದೇಶಗಳ ವೀಸಾ ಅರ್ಜಿಗೂ ಅಂಥದ್ದೊಂದು ಪತ್ರ ಬೇಕೇ ಬೇಕು.

ಇನ್ನು ದೇಶಗಳಿಗೆ ಬರೋಣ. ನಮಗೆ ಇವತ್ತು ಅತ್ಯಂತ ಅನುಕೂಲದ ಬಾಗಿಲು ತೆರೆದಿರುವುದು ಥಾಯ್ಲೆಂಡ್. 2024ರ ಜುಲೈಯಲ್ಲಿ ಅದು ಡೆಸ್ಟಿನೇಶನ್ ಥಾಯ್ಲೆಂಡ್ ವೀಸಾ ಆರಂಭಿಸಿತು. ಇದರ ಅವಧಿ ಐದು ವರ್ಷ. ಪ್ರತಿ ಸಲ ಒಳಹೋದಾಗ 180 ದಿನ ಇರಬಹುದು, ಅಲ್ಲೇ ಒಮ್ಮೆ ವಿಸ್ತರಿಸಿಕೊಳ್ಳಲೂ ಅವಕಾಶವಿದೆ. ತಿಂಗಳಿಗಿಷ್ಟು ಸಂಬಳ ಬೇಕೆಂಬ ಷರತ್ತಿಗೆ ಬದಲಾಗಿ ಖಾತೆಯಲ್ಲಿ 5 ಲಕ್ಷ ಬಾತ್ ಇದೆಯೆಂದು ತೋರಿಸಬೇಕು. ನಮ್ಮ ಹಣದಲ್ಲಿ ಅದು 12ರಿಂದ 15 ಲಕ್ಷ ರೂಪಾಯಿ. ಮೊತ್ತ ದೊಡ್ಡದೇ, ಆದರೆ ಅದು ಖರ್ಚಲ್ಲ, ನಿಮ್ಮ ಖಾತೆಯಲ್ಲೇ ಉಳಿಯುವ ಉಳಿತಾಯ. ಅರ್ಜಿಯನ್ನು ಥಾಯ್ಲೆಂಡಿನ ಹೊರಗಿದ್ದೇ ಸಲ್ಲಿಸಬೇಕು. ಅಲ್ಲಿನ ಸಂಸ್ಥೆಗಳಿಗಾಗಿ ದುಡಿಯುವಂತಿಲ್ಲ, ಭಾರತದ ಅಥವಾ ಬೇರೆ ದೇಶದ ಸಂಸ್ಥೆಯ ಕೆಲಸ ಮಾಡಬಹುದು. ಹೋದ ಮೇಲೆಯೂ ಶಿಸ್ತು ಬೇಕು. ನೀವು ಎಲ್ಲಿ ತಂಗಿದ್ದೀರಿ ಎಂದು ಮನೆಯ ಮಾಲೀಕರು 24 ಗಂಟೆಯೊಳಗೆ ವಲಸೆ ಇಲಾಖೆಗೆ ತಿಳಿಸಬೇಕು. ಸತತ 90 ದಿನಕ್ಕಿಂತ ಹೆಚ್ಚು ಇದ್ದರೆ ನಿಮ್ಮ ವಿಳಾಸವನ್ನು ನೀವೇ ವರದಿ ಮಾಡಬೇಕು.

ಚಿಯಾಂಗ್ ಮಾಯ್ ಈ ಅಲೆಮಾರಿಗಳ ತವರೂರಿನಂತಾಗಿದೆ. 1296ರಲ್ಲಿ ಕಟ್ಟಿದ ಊರು. ಹಳೆಯ ಪಟ್ಟಣದ ಸುತ್ತ ಚೌಕಾಕಾರದ ಕಂದಕ, ನಾಲ್ಕೂ ದಿಕ್ಕಿಗೆ ಬಾಗಿಲುಗಳು, ಒಳಗೆ ಹೆಜ್ಜೆಗೊಂದರಂತೆ ಬೌದ್ಧ ವಿಹಾರ. ಪಶ್ಚಿಮಕ್ಕಿರುವ ನಿಮ್ಮನ್‌ಹೆಮಿನ್ ರಸ್ತೆಯ ಕೆಫೆಗಳಲ್ಲಿ ಮೇಜಿಗೊಂದು ಲ್ಯಾಪ್‌ಟಾಪು. ಸಸ್ಯಾಹಾರಿಗಳು ಹಳದಿ ಬಾವುಟದ ಮೇಲೆ ಕೆಂಪು ಅಕ್ಷರದಲ್ಲಿ ‘ಜೇ’ ಎಂದು ಬರೆದಿರುವ ಅಂಗಡಿ ಹುಡುಕಬೇಕು. ಅಲ್ಲಿ ಮಾಂಸವಿರಲಿ, ಮೀನಿನ ರಸವನ್ನೂ ಬಳಸುವುದಿಲ್ಲ, ಬೆಳ್ಳುಳ್ಳಿಯೂ ಇಲ್ಲ. ಇಷ್ಟೆಲ್ಲ ಇದ್ದರೂ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಆ ಕಡೆ ಹೋಗಬೇಡಿ. ಗದ್ದೆಯ ಕೂಳೆಗೆ ಹಚ್ಚಿದ ಬೆಂಕಿ, ಕಾಡ್ಗಿಚ್ಚು ಎರಡೂ ಸೇರಿ ಆ ಕಣಿವೆಯಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ಎದುರಿನ ಬೆಟ್ಟವೇ ಕಾಣದ ದಿನಗಳಿರುತ್ತವೆ. ಆಸ್ತಮಾ ಇರುವವರಿಗಂತೂ ಅದು ನಿಜವಾದ ಅಪಾಯ.

ಎರಡನೆಯದು ಮಲೇಷ್ಯಾ. 2022ರಲ್ಲಿ ಅಲ್ಲಿನ ಸರ್ಕಾರ ‘ಡಿ ರಂಟಾವ್’ ಎಂಬ ಪಾಸ್ ತಂದಿತು. ಮೂರರಿಂದ ಹನ್ನೆರಡು ತಿಂಗಳು, ಮತ್ತೆ ಹನ್ನೆರಡು ತಿಂಗಳು ನವೀಕರಣ. ಶುಲ್ಕ 1,000 ರಿಂಗಿಟ್. ತಂತ್ರಜ್ಞಾನದ ಕೆಲಸದವರಿಗೆ ವಾರ್ಷಿಕ ವರಮಾನ 24,000 ಡಾಲರ್, ಅಂದರೆ 20 ಲಕ್ಷ ರೂಪಾಯಿಗಿಂತ ತುಸು ಹೆಚ್ಚು ಇರಬೇಕು. ಬೆಂಗಳೂರಿನ ಅನುಭವಿ ಎಂಜಿನಿಯರಿಗೆ ಇದು ಎಟುಕುವ ಮಟ್ಟ. ಉಳಿದ ವೃತ್ತಿಯವರಿಗೆ 60,000 ಡಾಲರ್ ಇಟ್ಟಿದ್ದಾರೆ, ಅದು ಕಷ್ಟವೇ. ಸಂಗಾತಿಯನ್ನೂ ಮಕ್ಕಳನ್ನೂ ಕರೆದೊಯ್ಯಲು ಅವಕಾಶವಿರುವುದು ಇದರ ದೊಡ್ಡ ಗುಣ. ಪೆನಾಂಗ್ ದ್ವೀಪದ ಜಾರ್ಜ್ ಟೌನ್ ಯುನೆಸ್ಕೊ ಪಟ್ಟಿಯ ಪಾರಂಪರಿಕ ಪಟ್ಟಣ. ಅಲ್ಲಿನ ಲಿಟಲ್ ಇಂಡಿಯಾದಲ್ಲಿ ಮಾರಿಯಮ್ಮನ ಗುಡಿ, ಬಾಳೆಲೆ ಊಟ, ಬೆಳಗ್ಗೆ ಇಡ್ಲಿ ದೋಸೆ ಎಲ್ಲ ಇದೆ. ಅನ್ನ ಸಾರಿಲ್ಲದೆ ಬದುಕಲಾರೆ ಎನ್ನುವವರಿಗೆ ಇದಕ್ಕಿಂತ ಹತ್ತಿರದ ಪರದೇಶ ಸಿಗುವುದು ಕಷ್ಟ.

ಮೂರನೆಯದು ವಿಯೆಟ್ನಾಮ್. 2023ರ ಆಗಸ್ಟಿನಿಂದ ಅದು ಎಲ್ಲ ದೇಶದವರಿಗೂ 90 ದಿನದ ಇ-ವೀಸಾ ಕೊಡುತ್ತಿದೆ. ಒಂದು ಪ್ರವೇಶಕ್ಕೆ 25 ಡಾಲರ್, ಹಲವು ಪ್ರವೇಶಕ್ಕೆ 50. ಖರ್ಚಿನಲ್ಲಿ ಇದು ಥಾಯ್ಲೆಂಡಿಗಿಂತ ಹಗುರ. ಡಾ ನಾಂಗ್ ಊರಿನ ಒಂದು ಕಡೆ ಉದ್ದಕ್ಕೂ ಕಡಲ ತೀರ, ಇನ್ನೊಂದು ಕಡೆ ಬೆಟ್ಟ. ಅಲ್ಲಿಂದ ಹೊರಟರೆ ದಿನದೊಳಗೆ ಮಿ ಸನ್‌ನ ಪ್ರಾಚೀನ ಶಿವಾಲಯಗಳನ್ನು ನೋಡಿ ಬರಬಹುದು. ಆದರೆ ದೂರದ ಕೆಲಸಗಾರರಿಗೆಂದು ವಿಯೆಟ್ನಾಮ್ ಪ್ರತ್ಯೇಕ ವೀಸಾ ತಂದಿಲ್ಲ ಎಂಬುದನ್ನು ಮರೆಯಬಾರದು. ಪ್ರವಾಸಿ ವೀಸಾ ಪ್ರವಾಸಕ್ಕೆ. ಅದನ್ನೇ ನೆಚ್ಚಿಕೊಂಡು ವರ್ಷವಿಡೀ ಅಲ್ಲೇ ನೆಲೆಸುವ ಲೆಕ್ಕ ಹಾಕಬೇಡಿ. ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಡಾ ನಾಂಗ್‌ನಲ್ಲಿ ಮಳೆ, ಚಂಡಮಾರುತ, ನೆರೆಯ ಕಾಲ. ಇನ್ನೊಂದು ಎಚ್ಚರಿಕೆ. ನಮ್ಮ ಆರ್‌ಟಿಒ ಕೊಡುವ ಅಂತರರಾಷ್ಟ್ರೀಯ ಚಾಲನಾ ಪರವಾನಗಿ 1949ರ ಒಪ್ಪಂದದ್ದು. ವಿಯೆಟ್ನಾಮ್ ಮಾನ್ಯ ಮಾಡುವುದು 1968ರ ಒಪ್ಪಂದದ್ದನ್ನು. ಬಾಡಿಗೆ ಸ್ಕೂಟರ್ ಏರಿ ಬಿದ್ದರೆ ಪರವಾನಗಿ ಇಲ್ಲವೆಂದು ವಿಮಾ ಸಂಸ್ಥೆ ಕೈ ಎತ್ತಿಬಿಡಬಹುದು.

ಅಗ್ಗದ ದೇಶಗಳ ಆ ಪಟ್ಟಿಗಳಲ್ಲಿ ಕಾಣದ, ನಮಗೆ ಮಾತ್ರ ಸಲ್ಲುವ ಒಂದು ದೇಶವಿದೆ. ಅದು ನೇಪಾಳ. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದದಿಂದಾಗಿ ಭಾರತೀಯರಿಗೆ ಅಲ್ಲಿ ವೀಸಾ ಬೇಡ. ವಾಸಕ್ಕೂ ಓಡಾಟಕ್ಕೂ ಆ ಒಪ್ಪಂದವೇ ಹಕ್ಕು ಕೊಡುತ್ತದೆ. ನಮ್ಮ 100 ರೂಪಾಯಿಗೆ ಅವರ 160, ಮೂರು ದಶಕದಿಂದ ಬದಲಾಗದ ದರ. ವಿನಿಮಯದ ಏರಿಳಿತದ ಚಿಂತೆ ಇಲ್ಲ. 2024ರಿಂದ ಅಲ್ಲಿನ ಅಂಗಡಿಗಳ ಕ್ಯೂಆರ್ ಫಲಕಕ್ಕೆ ಯುಪಿಐ ಮೂಲಕ ಹಣ ಕೊಡುವ ವ್ಯವಸ್ಥೆಯೂ ಬಂದಿದೆ. ಪೋಖರಾದ ಫೇವಾ ಸರೋವರದ ದಡದಲ್ಲಿ ಕೋಣೆ ಹಿಡಿದರೆ, ಅಕ್ಟೋಬರ್ ನವೆಂಬರಿನ ತಿಳಿ ಬೆಳಗಿನಲ್ಲಿ ಕೆಲಸ ಆರಂಭಿಸುವ ಮೊದಲೇ ಮಚ್ಛಾಪುಚ್ಛ್ರೆ ಶಿಖರ ಎದುರಿಗಿರುತ್ತದೆ. ಭೂತಾನಕ್ಕೂ ವೀಸಾ ಬೇಡವೆಂಬುದು ನಿಜ. ಆದರೆ ಅಲ್ಲಿ ಭಾರತೀಯರು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕೊಡಬೇಕು. ತಿಂಗಳಿಗೆ 36,000 ರೂಪಾಯಿ ಆ ಶುಲ್ಕಕ್ಕೇ ಹೋಗುತ್ತದೆ.

ಈಗ ಗಡಿಯಾರ. ಇದನ್ನು ಲೆಕ್ಕಕ್ಕೇ ಹಿಡಿಯದೆ ಹೊರಟು ನಿದ್ದೆಗೆಡುವವರು ಬಹಳ. ಅಮೆರಿಕದ ಪೂರ್ವ ಕರಾವಳಿಯಲ್ಲಿ ಬೇಸಿಗೆಯ ಬೆಳಗ್ಗೆ 9 ಗಂಟೆ ಎಂದರೆ ಬೆಂಗಳೂರಿನಲ್ಲಿ ಸಂಜೆ ಆರೂವರೆ. ಅದೇ ಹೊತ್ತಿಗೆ ಚಿಯಾಂಗ್ ಮಾಯ್‌ನಲ್ಲಿ ರಾತ್ರಿ 8, ಪೆನಾಂಗ್‌ನಲ್ಲಿ 9. ಚಳಿಗಾಲದಲ್ಲಿ ಇನ್ನೂ ಒಂದು ಗಂಟೆ ತಡ. ಪೂರ್ವಕ್ಕೆ ಹೋದಷ್ಟೂ ಅಮೆರಿಕದ ಮೀಟಿಂಗು ನಡುರಾತ್ರಿಗೆ ಸರಿಯುತ್ತದೆ. ತಂಡವೆಲ್ಲ ಭಾರತದಲ್ಲೇ ಇದ್ದರೆ ಇದೇ ದೂರ ವರವಾಗುತ್ತದೆ. ಇಲ್ಲಿಯ ಒಂಬತ್ತೂವರೆ ಚಿಯಾಂಗ್ ಮಾಯ್‌ನ ಹನ್ನೊಂದು. ಇಡೀ ಬೆಳಗು ನಿಮ್ಮದು. ಅಮೆರಿಕದ ಗ್ರಾಹಕರೊಂದಿಗೆ ದುಡಿಯುವವರು ಪಶ್ಚಿಮಕ್ಕೆ ನೋಡಬೇಕು. ಮಾರಿಷಸ್ ನಮಗಿಂತ ಒಂದೂವರೆ ಗಂಟೆ ಹಿಂದಿದೆ. ಅಲ್ಲಿನ ಪ್ರೀಮಿಯಂ ವೀಸಾಕ್ಕೆ ಶುಲ್ಕವಿಲ್ಲ, ಅವಧಿ ಒಂದು ವರ್ಷ, ಬೇಕಾದ ವರಮಾನ ತಿಂಗಳಿಗೆ 1,500 ಡಾಲರ್. ಮನೆ, ದಿನಸಿ ಥಾಯ್ಲೆಂಡಿಗಿಂತ ದುಬಾರಿ. ಆದರೂ ನಿದ್ದೆಗೂ ಒಂದು ಬೆಲೆ ಇದೆ. ಆ ಬೆಲೆ ಸೇರಿಸಿದರೆ ಹಲವರಿಗೆ ಮಾರಿಷಸ್ಸೇ ಅಗ್ಗ.

ತೆರಿಗೆಯ ವಿಷಯ ಎರಡು ಮಾತಿನಲ್ಲಿ ಹೇಳುತ್ತೇನೆ. ಕೆಲವೇ ತಿಂಗಳು ಹೊರಗಿದ್ದು ಬಂದರೆ ನೀವು ಭಾರತದ ನಿವಾಸಿಯಾಗಿಯೇ ಉಳಿಯುತ್ತೀರಿ, ತೆರಿಗೆ ಇಲ್ಲೇ ಕಟ್ಟುತ್ತೀರಿ. ಆದರೆ ಥಾಯ್ಲೆಂಡಿನಲ್ಲಿ ಒಂದು ವರ್ಷದಲ್ಲಿ 180 ದಿನ, ಮಲೇಷ್ಯಾದಲ್ಲಿ 182, ವಿಯೆಟ್ನಾಮಿನಲ್ಲಿ 183 ದಿನ ತುಂಬಿದರೆ ಅಲ್ಲಿನ ತೆರಿಗೆ ಲೆಕ್ಕದಲ್ಲೂ ನಿವಾಸಿಯಾಗುತ್ತೀರಿ. ಈ ದೇಶಗಳೊಂದಿಗೆ ಭಾರತಕ್ಕೆ ಇಮ್ಮಡಿ ತೆರಿಗೆ ತಪ್ಪಿಸುವ ಒಪ್ಪಂದವಿದೆ, ಆದರೆ ಅದರ ಲಾಭ ತಾನಾಗಿ ಬರುವುದಿಲ್ಲ, ಕಾಗದಪತ್ರ ಕೊಟ್ಟು ಪಡೆಯಬೇಕು. ಒಂದು ದೇಶದಲ್ಲಿ ಐದು ತಿಂಗಳ ಒಳಗೇ ಇರುವುದು ಸರಳ ದಾರಿ. ಹಾಗೆಯೇ ಬ್ಯಾಂಕಿನ ಒಟಿಪಿ ಬರುವ ಮೊಬೈಲ್ ಸಂಖ್ಯೆಗೆ ರೋಮಿಂಗ್ ಹಾಕಿಸಿಕೊಂಡೇ ಹೊರಡಿ. ಆ ಒಂದು ಸಂದೇಶ ಬಾರದಿದ್ದರೆ ಖಾತೆಯಲ್ಲಿ ಲಕ್ಷ ಇದ್ದರೂ ಕೈ ಖಾಲಿ.

ಕೊನೆಯದಾಗಿ, ಹೋದ ಊರಿನವರ ಬಗ್ಗೆ ಒಂದು ಮಾತು. 2025ರ ಜುಲೈಯಲ್ಲಿ ಮೆಕ್ಸಿಕೊ ನಗರದ ಜನ ಬೀದಿಗಿಳಿದರು. ಡಾಲರಿನಲ್ಲಿ ಗಳಿಸುವ ವಿದೇಶಿಯರು ಬಂದು ಬಾಡಿಗೆ ಏರಿ, ತಮ್ಮ ಬಡಾವಣೆಗಳಲ್ಲೇ ತಮಗೆ ಜಾಗವಿಲ್ಲದಂತಾಗಿದೆ ಎಂಬುದು ಅವರ ಅಳಲು. ದೊಡ್ಡ ಸಂಬಳದವರು ಬಂದಿಳಿದರೆ ಹಳೆಯ ಬಾಡಿಗೆದಾರರಿಗೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಅಲ್ಪಾವಧಿ ಪ್ರವಾಸಿ ಫ್ಲ್ಯಾಟುಗಳಿಗಿಂತ ಸ್ಥಳೀಯರೇ ನಡೆಸುವ ತಂಗುಮನೆಗಳನ್ನು ಹಿಡಿಯಿರಿ. ಅವರ ಹೋಟೆಲಿನಲ್ಲಿ ಉಣ್ಣಿ, ಅವರ ಭಾಷೆಯ ಹತ್ತು ಮಾತು ಕಲಿಯಿರಿ.

ಮೊದಲ ಸಲ ಹೊರಡುವವರಿಗೆ ನನ್ನ ಸಲಹೆ ಇದು. ಸಂಸ್ಥೆಯ ಒಪ್ಪಿಗೆ ಪಡೆದು, ಒಂದು ತಿಂಗಳು ನೇಪಾಳದಲ್ಲಿದ್ದು ನೋಡಿ. ಒಂಟಿತನ, ಇಂಟರ್ನೆಟ್ಟು, ಕೆಲಸದ ಶಿಸ್ತು ಇವೆಲ್ಲ ನಿಮಗೆ ಒಗ್ಗುತ್ತವೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ. ಒಗ್ಗಿದರೆ ಮುಂದಿನ ವರ್ಷ ಥಾಯ್ಲೆಂಡಿಗೋ ಮಲೇಷ್ಯಾಕ್ಕೋ ಅರ್ಜಿ ಹಾಕಿ. ವೀಸಾ ನಿಯಮಗಳು ಆಗಾಗ ಬದಲಾಗುವುದರಿಂದ ಆಯಾ ರಾಯಭಾರ ಕಚೇರಿಯ ಅಧಿಕೃತ ತಾಣವನ್ನೇ ನೋಡಿ, ದಲ್ಲಾಳಿಗಳ ಮಾತು ನಂಬಬೇಡಿ. ವಿಮಾನ ನಿಲ್ದಾಣದ ಅಧಿಕಾರಿ ‘ಏಕೆ ಬಂದಿರಿ’ ಎಂದು ಕೇಳಿದಾಗ ಅಂಜದೆ, ಮುಚ್ಚಿಡದೆ ನಿಜ ಹೇಳಲು ಸಾಧ್ಯವಿರುವ ದೇಶವನ್ನೇ ಆರಿಸಿಕೊಳ್ಳಿ. ಬಾಡಿಗೆ ಸಾವಿರ ರೂಪಾಯಿ ಹೆಚ್ಚಾದರೂ ಚಿಂತೆಯಿಲ್ಲ, ನಿಮಗೆ ನಿಜವಾಗಿ ಕೈಗೆಟುಕುವ ದೇಶ ಅದೇ.