ವಾಸನೆಯ ಸಾಕ್ಷಿಗೆ ಪಾಟೀಸವಾಲು ಯಾರು ಮಾಡುವರು?

(ಗಿರಣಿ ಕಾರ್ಮಿಕರ ಹಾಗೂ ಚಿಲ್ಲರೆ ವ್ಯಾಪಾರಿಗಳ ಕೂಟದಲ್ಲಿ ಮಾಡಿದ ಭಾಷಣ)



1981ರಲ್ಲಿ ಅಮೆರಿಕದ ಫ್ಲಾರಿಡಾ ಸಂಸ್ಥಾನದ ಕಡಲತೀರದಲ್ಲಿ ಒಂದು ಕೊಲೆಯಾಯಿತು. ರಕ್ತ ಹತ್ತಿದ ಹಳದಿ ಅಂಗಿಯೊಂದು ಪೊಲೀಸರ ಕೈ ಸೇರಿತು. ಆ ಅಂಗಿಯ ವಾಸನೆಗೂ ಒಬ್ಬ ತರುಣನ ವಾಸನೆಗೂ ತನ್ನ ನಾಯಿ ತಾಳೆ ಹಾಕಿತೆಂದು ನಾಯಿಯ ಒಡೆಯ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ. ಬೇರೆ ಸಾಕ್ಷಿಗಳ ಮಾತೂ ಕೂಡಿತು. ತರುಣನಿಗೆ ಜೀವಾವಧಿ ಶಿಕ್ಷೆಯಾಯಿತು. 2008ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅಂಗಿಯ ಮೇಲಿನ ಗುರುತುಗಳು ಅವನವಲ್ಲವೆಂದು ತಿಳಿಯಿತು. ಅಷ್ಟರಲ್ಲಿ 27 ವರ್ಷ ಸೆರೆಮನೆಯಲ್ಲಿ ಕಳೆದುಹೋಗಿತ್ತು.

ನಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವ ಹಾಗಿಲ್ಲ. ಅದರ ಪರವಾಗಿ ಒಡೆಯನೇ ಮಾತಾಡಬೇಕು. ನಮ್ಮ ಸುಪ್ರೀಂ ಕೋರ್ಟು ಕೂಡ 2001ರ ಒಂದು ತೀರ್ಪಿನಲ್ಲಿ, ನಾಯಿಯ ಮೂಗು ತನಿಖೆಗೆ ದಾರಿ ತೋರಿಸೀತು, ಆದರೆ ಸಾಕ್ಷ್ಯವೆಂದು ಅದಕ್ಕೆ ಹೆಚ್ಚು ಬೆಲೆ ಕೊಡಲಾಗದು ಎಂಬ ನಿಲುವು ತಾಳಿತು.

ಈಗ ನಾಯಿಯ ಕೆಲಸಕ್ಕೆ ಯಂತ್ರ ಬರುತ್ತಿದೆ. ಅದು ಹೇಗೆಂದು ತಿಳಿಯೋಣ. ಬೆವರಿಗೆ ತಾನಾಗಿ ವಾಸನೆ ಹೆಚ್ಚಿಲ್ಲ. ಚರ್ಮದ ಮೇಲಿನ ಸೂಕ್ಷ್ಮಜೀವಿಗಳು ಬೆವರನ್ನೂ ಜಿಡ್ಡನ್ನೂ ಒಡೆಯುತ್ತವೆ. ಗಾಳಿಯೂ ಜಿಡ್ಡನ್ನು ಮಾರ್ಪಡಿಸುತ್ತದೆ. ಇದರಿಂದ ಆಮ್ಲ, ಆಲ್ಡಿಹೈಡು, ಕೀಟೋನು ಮೊದಲಾದ ಆವಿಯಾಗುವ ಪದಾರ್ಥಗಳು ಹುಟ್ಟುತ್ತವೆ. ಇವುಗಳಲ್ಲಿ ಬಹಳಷ್ಟು ಎಲ್ಲರ ಮೈಯಲ್ಲೂ ಉಂಟು. ಯಾವುದು ಎಷ್ಟು ಎಂಬಲ್ಲಿ ವ್ಯತ್ಯಾಸ. ಉಪ್ಪು ಹುಳಿ ಖಾರ ಅವೇ ಆದರೂ ಮನೆಮನೆಯ ಸಾರಿನ ರುಚಿ ಬೇರೆಯಲ್ಲವೆ?

ಶುದ್ಧಮಾಡಿದ ಹತ್ತಿಬಟ್ಟೆಯನ್ನು ಅಂಗೈಯಲ್ಲಿ ಹಿಡಿಸಿ, ಗಾಜಿನ ಶೀಶೆಯಲ್ಲಿ ಮುಚ್ಚುತ್ತಾರೆ. ಶೀಶೆಯೊಳಗಿನ ಆವಿಯನ್ನು ಒಂದು ತೆಳುವಾದ ಎಳೆ ಹೀರುತ್ತದೆ. ಎಳೆಯನ್ನು ಕಾಯಿಸಿದರೆ ಆವಿ ಬಿಡುಗಡೆಯಾಗಿ ಉದ್ದನೆಯ ಸಣ್ಣ ಕೊಳವೆಯಲ್ಲಿ ಓಡುತ್ತದೆ. ಒಂದೊಂದು ಪದಾರ್ಥ ಒಂದೊಂದು ಹೊತ್ತಿಗೆ ಹೊರಬೀಳುತ್ತದೆ. ಇನ್ನೊಂದು ಯಂತ್ರ ಅದರ ಅಣುವಿನ ಚೂರುಗಳನ್ನು ತೂಗಿ ಅದು ಯಾವುದೆಂದು ಹೇಳುತ್ತದೆ. ಕೊನೆಗೆ ಕಾಗದದ ಮೇಲೆ ಏರಿಳಿತದ ಗೆರೆ ಮೂಡುತ್ತದೆ. ನಾಯಿಗಿಂತ ಇದು ಮೇಲೆಂದು ನಾನು ಒಪ್ಪುತ್ತೇನೆ. ಗೆರೆಯನ್ನು ಮೇಜಿನ ಮೇಲೆ ಹಾಸಿ ಎರಡು ಕಡೆಯವರೂ ನೋಡಬಹುದು.

ಆದರೆ ಗೆರೆ ಎಷ್ಟು ಹೇಳುತ್ತದೆ? ಅದೇ ಫ್ಲಾರಿಡಾದ ಅಂತರರಾಷ್ಟ್ರೀಯ ವಿಶ್ವವಿದ್ಯಾಲಯದವರು 2023ರಲ್ಲಿ 60 ಜನರ ಅಂಗೈ ವಾಸನೆಯ ಪರೀಕ್ಷೆಯನ್ನು ಪ್ರಕಟಿಸಿದರು. ಗಂಡೋ ಹೆಣ್ಣೋ ಎಂಬುದನ್ನು ನೂರಕ್ಕೆ 96.67ರಷ್ಟು ಸರಿಯಾಗಿ ಹೇಳಲಾಯಿತಂತೆ. ದೊಡ್ಡ ಸಾಧನೆಯೇ ಸರಿ. ಆದರೆ ಲೆಕ್ಕ ಹಾಕಿ: 1000 ಜನರ ಗಿರಣಿಯಲ್ಲಿ ಇದೇ ಪ್ರಮಾಣವಾದರೆ 33 ಜನರ ವಿಷಯದಲ್ಲಿ ತಪ್ಪು. ಅದೂ ಎರಡೇ ಉತ್ತರವಿರುವ ಪ್ರಶ್ನೆಗೆ. ಕದ್ದವನು ಇವನೇ ಎಂಬ ಪ್ರಶ್ನೆಗಲ್ಲ. ಕಳುವಾದ ಪೆಟ್ಟಿಗೆಯ ಹಿಡಿಕೆಗೆ ಹತ್ತು ಕೈ ಸೋಕಿರುತ್ತವೆ. ಮೈಯ ಸ್ವಂತ ವಾಸನೆಯ ಮೇಲೆ ಊಟದ್ದು, ಅದರ ಮೇಲೆ ಸಾಬೂನಿನದು, ಬೀಡಿಯದು, ಯಂತ್ರದೆಣ್ಣೆಯದು. ಇಂಗಿನ ಅಂಗಡಿಯವರ ಕೈಯನ್ನು ಯಾವ ಯಂತ್ರ ತೊಳೆದು ನೋಡೀತು!

ಇನ್ನು ಸರ್ಕಾರದ ಮಾತು. ಪೂರ್ವ ಜರ್ಮನಿ ಸಮಾಜವಾದದ ಹೆಸರು ಹೊತ್ತ ರಾಜ್ಯ. ಅದರ ಗುಪ್ತ ಪೊಲೀಸರಾದ ಸ್ತಾಸಿಯವರು, ವಿಚಾರಣೆಗೆ ಕರೆದವನ ಕುರ್ಚಿಯ ಮೇಲೆ ಬಟ್ಟೆ ಹಾಸಿ, ಅವನೆದ್ದ ಮೇಲೆ ಅದನ್ನು ಗಾಜಿನ ಭರಣಿಯಲ್ಲಿ ತುಂಬಿಡುತ್ತಿದ್ದರು. ನಮ್ಮಲ್ಲಿ ಭರಣಿ ಇರುವುದು ಉಪ್ಪಿನಕಾಯಿಗೆ. 1990ರಲ್ಲಿ ಆ ರಾಜ್ಯ ಅಳಿಯಿತು. 2007ರಲ್ಲಿ ಶ್ರೀಮಂತ ರಾಷ್ಟ್ರಗಳ ನಾಯಕರು ಜರ್ಮನಿಯಲ್ಲಿ ಸಭೆ ಸೇರುವ ಮುಂಚೆ, ಒಂದಾದ ಜರ್ಮನಿಯ ಪೊಲೀಸರೂ ಕೆಲವು ವಿರೋಧಿಗಳ ವಾಸನೆ ಕೂಡಿಟ್ಟರು. ಈ ಚಟಕ್ಕೆ ಎಡ ಬಲವೆಂಬ ಭೇದವಿಲ್ಲ.

ನಮ್ಮ ದೇಶದ 2022ರ ಗುರುತಿಸುವಿಕೆಯ ಕಾಯಿದೆಯು ಬೆರಳಚ್ಚಿನ ಜೊತೆಗೆ ಜೈವಿಕ ಮಾದರಿಗಳನ್ನೂ ಅವುಗಳ ವಿಶ್ಲೇಷಣೆಯನ್ನೂ ಪಟ್ಟಿಗೆ ಸೇರಿಸಿದೆ. ದಾಖಲೆಯನ್ನು 75 ವರ್ಷ ಇಡಬಹುದು. ವಾಸನೆಯೆಂಬ ಪದ ಅಲ್ಲಿಲ್ಲ. ಆದರೆ ಬೆವರು ಜೈವಿಕ ಮಾದರಿಯಲ್ಲವೆಂದು ನಮಗೆ ಬರೆದುಕೊಟ್ಟವರು ಯಾರು?

ನಾಳೆ ಯಾರಾದರೂ ನಿಮ್ಮ ಕೈಗೆ ಬಟ್ಟೆ ಕೊಟ್ಟರೆ ಕೇಳಿ: ಇದಕ್ಕೆ ಮೊಹರು ಹಾಕುವವರು ಯಾರು? ಇಡುವುದೆಲ್ಲಿ? ನನ್ನದರ ಜೊತೆಗೆ ಬೇರೆ ಎಷ್ಟು ಜನರದ್ದನ್ನು ಇಡುವಿರಿ? ನನ್ನದು ಯಾವುದೆಂದು ಪರೀಕ್ಷಿಸುವವನಿಗೆ ಗೊತ್ತೆ? ಈ ಕೊನೆಯ ಪ್ರಶ್ನೆಯನ್ನು ಬಿಡಬೇಡಿ. ಹಾಲೆಂಡಿನಲ್ಲಿ ವರ್ಷಗಟ್ಟಲೆ ನಾಯಿ ಆಡಿಸುವವರಿಗೆ ಶಂಕಿತನ ವಾಸನೆ ಎಲ್ಲಿಟ್ಟಿದೆಯೆಂದು ಮುಂಚೆಯೇ ತಿಳಿದಿರುತ್ತಿತ್ತೆಂದು 2006ರಲ್ಲಿ ಬಯಲಾಯಿತು.