ಕ್ಷಣದ ನೆನಪು ಮತ್ತು ಅದರ ಅಳತೆ



ಮಲ್ಕಾಜ್‌ಗಿರಿಯಲ್ಲಿ ನೆಲಸಿದ ನಮ್ಮಲ್ಲಿ ಗೂಡ್ಸ್ ಗಾಡಿ ಹಾಯುವುದನ್ನು ನೋಡದವರಿಲ್ಲ. ಒಂದೊಂದು ವ್ಯಾಗನ್ನಿನ ಮೈಮೇಲೂ 11 ಅಂಕಿಗಳ ಸಂಖ್ಯೆ ಬರೆದಿರುತ್ತದೆ. ಅದನ್ನು ಒಮ್ಮೆ ಓದಿ, ಮುಖ ತಿರುಗಿಸಿ, ಕಾಗದದ ಮೇಲೆ ಬರೆಯಲು ಹೋದರೆ ನಮ್ಮಲ್ಲಿ ಬಹುಮಂದಿ ಏಳೆಂಟು ಅಂಕಿಗೇ ತಡವರಿಸುತ್ತೇವೆ. ಆ ಸಂಖ್ಯೆಯ ಒಳಗುಟ್ಟು ಬಲ್ಲವನಿಗೆ ಅಷ್ಟು ಕಷ್ಟವಿಲ್ಲ. ಮೊದಲೆರಡು ವ್ಯಾಗನ್ನಿನ ಜಾತಿ, ಮುಂದಿನೆರಡು ಒಡೆತನದ ರೈಲ್ವೆ, ಆಮೇಲಿನೆರಡು ತಯಾರಾದ ವರ್ಷ, ನಾಲ್ಕು ಅದರ ಸ್ವಂತ ಸಂಖ್ಯೆ, ಕೊನೆಯದು ತಾಳೆ ನೋಡುವ ಅಂಕಿ. ಅವನು ಹೊರುವುದು ಐದೇ ಗಂಟು.

ಕೆಲಸ ಮುಗಿಯುವವರೆಗೆ ಮನಸ್ಸಿನಲ್ಲಿ ಹಿಡಿದಿಟ್ಟು, ಹಿಡಿದುದನ್ನು ಹಿಂದೆಮುಂದೆ ಮಾಡುವ ಈ ಶಕ್ತಿಗೆ ಕಾರ್ಯಸ್ಮೃತಿ ಎಂದು ಹೆಸರಿಡಬಹುದು. ಇದು ಎಲ್ಲರಿಗೂ ಒಂದೇ ಅಳತೆಯದಲ್ಲ. 1887ರಲ್ಲಿಯೇ ಜೋಸೆಫ್ ಜೇಕಬ್ಸ್ ಎಂಬ ವಿದ್ವಾಂಸರು ಅಂಕಿಗಳನ್ನು ಹೇಳಿ, ಅದೇ ಕ್ರಮದಲ್ಲಿ ಒಪ್ಪಿಸಿಕೊಂಡು ಅಳೆದರು. ಆದರೆ ಬರೀ ಒಪ್ಪಿಸುವುದು ಗಿಳಿಪಾಠ. ಹಿಂದುಮುಂದಾಗಿ ಒಪ್ಪಿಸೆಂದರೆ ಮನಸ್ಸು ದುಡಿಯಬೇಕು. 1980ರಲ್ಲಿ ಡೇನ್‌ಮನ್ ಮತ್ತು ಕಾರ್ಪೆಂಟರ್ ಎಂಬವರು ವಾಕ್ಯಗಳನ್ನು ಓದಿಸುತ್ತ, ಪ್ರತಿಯೊಂದರ ಕಡೆಯ ಪದವನ್ನೂ ನೆನಪಿನಲ್ಲಿಡಹೇಳಿದರು. ಹೆಚ್ಚು ಪದ ಉಳಿಸಿಕೊಂಡವರು ಓದಿದ್ದನ್ನೂ ಚೆನ್ನಾಗಿ ಗ್ರಹಿಸಿದ್ದರು.

ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಪರೀಕ್ಷಾಮಾಲೆಯಲ್ಲಿ ಇನ್ನೊಂದು ಬಗೆಯಿದೆ. ಪರೀಕ್ಷಕರು ವ್ಯಂಜನಗಳನ್ನು ಒಂದಾದಮೇಲೊಂದು ಹೇಳುತ್ತಾರೆ; ಈಗ ಕೇಳಿದ್ದು ಹಿಂದಿನದರ ಹಿಂದಿನದೇ ಆಗಿದ್ದರೆ ಮೇಜು ತಟ್ಟಬೇಕು. ನಮಗೆ ಮೆಚ್ಚಿಗೆಯಾದದ್ದು ಪರೀಕ್ಷೆಗಿಂತ ಅದರ ತಕ್ಕಡಿ: ಅಲ್ಲಿ ಶಾಲೆ ಕಾಣದವರಿಗೆ, ಶಾಲೆ ಓದಿದವರಿಗೆ, ಕಾಲೇಜು ಓದಿದವರಿಗೆ ಬೇರೆ ಬೇರೆ ಮಾನದಂಡಗಳಿವೆ. ವಯಸ್ಸನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.

ಇದನ್ನೇಕೆ ಹೇಳುತ್ತೇವೆಂದರೆ, ಊರು ಬಿಟ್ಟು ಬಂದ ನಮ್ಮವರಲ್ಲಿ ಕೆಲವರು, ಮೇಲಿನವರು ಒಂದೇ ಉಸಿರಿಗೆ ಹಿಂದಿಯಲ್ಲೋ ತೆಲುಗಿನಲ್ಲೋ ಹೇಳಿದ ನಾಲ್ಕು ಕೆಲಸಗಳಲ್ಲಿ ಎರಡನ್ನು ಮರೆತು ದಡ್ಡರೆನಿಸಿಕೊಂಡಿದ್ದಾರೆ. ಪಾಪ, ಕೆಲವರು ಅದನ್ನು ನಂಬಿಯೂ ಬಿಟ್ಟಿದ್ದಾರೆ! ಅರ್ಧ ಮನಸ್ಸು ಭಾಷೆ ಬಿಡಿಸುವುದರಲ್ಲೇ ಖರ್ಚಾದರೆ ಹಿಡಿದಿಡಲು ಉಳಿಯುವುದೆಷ್ಟು? 1980ರಲ್ಲಿ ವೇಲ್ಸಿನ ಇಬ್ಬರು ಸಂಶೋಧಕರು ಎರಡು ಭಾಷೆ ಬಲ್ಲವರನ್ನು ಪರೀಕ್ಷಿಸಿದರು. ವೆಲ್ಷ್ ಅಂಕಿಗಳ ಉಚ್ಚಾರಣೆ ಇಂಗ್ಲಿಷಿಗಿಂತ ದೀರ್ಘ. ಅವೇ ಜನ ವೆಲ್ಷಿನಲ್ಲಿ ಕಡಿಮೆ ಅಂಕಿ ಒಪ್ಪಿಸಿದರು.

ನಮ್ಮ ಬೆಂಗಳೂರಿನ ಶಕುಂತಲಾದೇವಿಯವರನ್ನು 1988ರಲ್ಲಿ ಅಮೆರಿಕದ ಆರ್ಥರ್ ಜೆನ್ಸನ್ ಪರೀಕ್ಷಿಸಿದಾಗಲೂ ಇಂಥದೇ ಸೋಜಿಗ. ದೊಡ್ಡ ದೊಡ್ಡ ಲೆಕ್ಕಗಳನ್ನು ಕ್ಷಣದಲ್ಲಿ ಬಿಡಿಸಿದ ಆಕೆ, ದೀಪ ಹೊತ್ತಿದೊಡನೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ನಮ್ಮನಿಮ್ಮಂತೆಯೇ ಇದ್ದರು.

ಮೇಜು ತಟ್ಟುವ ಆಟವನ್ನು ಈಗಲೇ ಆಡಿ ನೋಡೋಣ. ಮೆಲ್ಲಗೆ ತಟ್ಟಿರಿ, ಆಚೆ ಕೋಣೆಯಲ್ಲಿ ಪತ್ರಿಕೆ ಓದುವವರಿದ್ದಾರೆ.