ಬಾಗಿಲ ಹೊರಗಿನ ಭಕ್ತ



ನಮ್ಮ ಸಂಘದಲ್ಲಿ ಪಗಾರ, ಬೋನಸ್ಸು, ಖೋಲಿಯ ಬಾಡಿಗೆಗಳ ಮಾತು ನಡೆದೇ ಇರುತ್ತದೆ. ಈ ಸಾಯಂಕಾಲ ಒಬ್ಬ ಕೂಲಿಕಾರನ ಭಕ್ತಿಯ ವಿಷಯವಾಗಿ ನಾಲ್ಕು ಮಾತನಾಡಲು ತಮ್ಮ ಅಪ್ಪಣೆ ಬೇಡುತ್ತೇವೆ.

ಆತನ ಹೆಸರು ಚೋಖಾಮೇಳ. ಜಾತಿಯಿಂದ ಮಹಾರ, ಇದ್ದದ್ದು ಮಂಗಳವೇಢೆಯಲ್ಲಿ. ಆ ಊರು ನಮಗೆ ಹೊರಗಿನದಲ್ಲ. ಕಲ್ಯಾಣಕ್ಕೆ ಹೋಗುವ ಮೊದಲು ಬಸವಣ್ಣನವರು ಬಿಜ್ಜಳನಲ್ಲಿ ದುಡಿದದ್ದು ಇದೇ ಮಂಗಳವಾಡದಲ್ಲಿ ಎಂದು ನಮ್ಮವರು ಹೇಳುತ್ತ ಬಂದಿದ್ದಾರೆ. ಪಂಢರಪುರ ಅಲ್ಲಿಂದ ಹತ್ತಿರ. ಆದರೆ ಚೋಖನಿಗೆ ಗುಡಿಯ ಒಳಗೆ ಪ್ರವೇಶವಿರಲಿಲ್ಲ. ಹೊರಗೆ ನಿಂತು ಹಾಡಿದನು.

ಆ ಹಾಡುಗಳಲ್ಲಿ ಬರೀ ಶರಣಾಗತಿಯಿದೆಯೆಂದು ತಿಳಿಯಬೇಡಿರಿ. ಮಡಿ ಮೈಲಿಗೆಯೆಂದರೇನೆಂದು ಆತ ದೇವರನ್ನೇ ಕೇಳುತ್ತಾನೆ. ಹೆಂಡತಿ ಸೋಯರಾಬಾಯಿಯೂ ಕೇಳುತ್ತಾಳೆ. ಮಗ ಕರ್ಮಮೇಳನಂತೂ, ಇಂಥ ಹುಟ್ಟನ್ನು ಏಕೆ ಕೊಟ್ಟೆ ಎಂದು ಜಗಳಕ್ಕೇ ನಿಲ್ಲುತ್ತಾನೆ. ಇಂಥ ಜಗಳವಿಲ್ಲದ ಭಕ್ತಿಯನ್ನು ನಾವು ಅಷ್ಟಾಗಿ ನಂಬುವುದಿಲ್ಲ! ಅದೇ ಬಾಯಿಂದ, ವಿಠ್ಠಲನನ್ನು ನೆನೆದೊಡನೆ, ಎಲ್ಲಿಯದೋ ಒಂದು ಹಿಗ್ಗು ಹೊರಡುತ್ತದೆ. ಮನೆಯಲ್ಲಿ ಹಿಟ್ಟಿಲ್ಲದಿದ್ದಾಗಲೂ ಆ ಹಿಗ್ಗು ಇತ್ತು. ಅದಕ್ಕೆ ಯಾರ ಅಪ್ಪಣೆಯೂ ಬೇಕಿರಲಿಲ್ಲ.

1338ರಲ್ಲಿ ಮಂಗಳವೇಢೆಯಲ್ಲಿ ಗೋಡೆ ಕಟ್ಟುವ ಕೆಲಸಕ್ಕೆ ಹೋದಾಗ ಗೋಡೆ ಕುಸಿದು, ಜೊತೆಯ ಕೂಲಿಗಳೊಂದಿಗೆ ಆತನೂ ಸತ್ತನೆಂದು ಹೇಳುತ್ತಾರೆ. ಕಟ್ಟಡದ ಕೆಲಸ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಾಶಿ ಎಲುಬುಗಳಲ್ಲಿ ಚೋಖನವು ಯಾವುವು? ಸಂತ ನಾಮದೇವರು ಒಂದೊಂದನ್ನೇ ಕಿವಿಗೆ ಹಿಡಿದು, ವಿಠ್ಠಲನಾಮ ಕೇಳಿಬಂದವನ್ನು ಆರಿಸಿ ತಂದು, ಗುಡಿಯ ಮಹಾದ್ವಾರದ ಎದುರಿಗೆ ಸಮಾಧಿ ಮಾಡಿದರೆಂದು ಐತಿಹ್ಯವಿದೆ.

ಆಮೇಲೆ 600 ವರ್ಷ ಆತನ ಜನ ಆ ಸಮಾಧಿಯವರೆಗೆ ಬಂದು ಹಿಂದಿರುಗಿದರು. ಆದರೂ ಬರುವುದನ್ನು ಬಿಡಲಿಲ್ಲ. 1947ರ ಮೇ ತಿಂಗಳಲ್ಲಿ ಸಾನೆ ಗುರೂಜಿಯವರು ಪಂಢರಪುರದಲ್ಲಿ ಉಪವಾಸಕ್ಕೆ ಕುಳಿತರು. ಅದಕ್ಕೂ ಮೊದಲು ತಿಂಗಳುಗಟ್ಟಲೆ ಊರೂರು ತಿರುಗಿ ಜನರ ಮನಸ್ಸನ್ನು ಹದಗೊಳಿಸಿದ್ದರು. ಅದೇ ವರ್ಷ ಬಾಗಿಲು ತೆರೆಯಿತು. ಮರುವರ್ಷ ಡಾ. ಅಂಬೇಡ್ಕರರು ಅಸ್ಪೃಶ್ಯರ ಮೂಲವನ್ನು ಕುರಿತ ತಮ್ಮ ಗ್ರಂಥವನ್ನು ನಂದನಾರ್, ರವಿದಾಸ, ಚೋಖಾಮೇಳ ಈ ಮೂವರ ಸ್ಮರಣೆಗೆ ಅರ್ಪಿಸಿದರು.

ನಮ್ಮ ಭಜನಾಮಂಡಳಿಯವರು ಆಷಾಢ ಏಕಾದಶಿಗೆ ಹೊರಡುವವರಿದ್ದರೆ, ಸರತಿಯ ಸಾಲಿಗೆ ಸೇರುವ ಮೊದಲು ಆ ಸಮಾಧಿಯ ಬಳಿ ನಿಂತು ಒಂದು ಹಾಡು ಹೇಳಿ ಬನ್ನಿರಿ. ಕನ್ನಡದಲ್ಲಿಯೇ ಹೇಳಿರಿ, ಒಳಗಿರುವ ವಿಠೋಬನನ್ನು ಜ್ಞಾನೇಶ್ವರರೇ ಕನ್ನಡಿಗನೆಂದು ಕರೆದಿದ್ದಾರಲ್ಲವೇ!